ಚಾಮುಂಡಿ ಬೆಟ್ಟ ಜುರಾಸಿಕ್ ಕಾಲದ್ದೇ? ಈ ಕಾಲಗಳಿಗೆ ಎಲ್ಲೆ ಹಾಕುವವರು, ಹೆಸರಿಡುವವರು ಯಾರು?

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಅಲ್ಲ. ಜುರಾಸಿಕ್ ಆರಂಭವಾದದ್ದು ಸುಮಾರು 20 ಕೋಟಿ ವರ್ಷಗಳ ಹಿಂದೆ. ಚಾಮುಂಡಿ ಬೆಟ್ಟದ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ. ಮೆಟ್ಟಿಲು ಹತ್ತುವಾಗ ನೀವು ದಣಿವಾರಿಸಿಕೊಳ್ಳಲು ಕೂರುವ ಬಂಡೆ, ಡೈನೊಸಾರ್‌ಗಳು ಕಣ್ಣು ಬಿಡುವ ಹೊತ್ತಿಗಾಗಲೇ ಮುದಿಯಾಗಿತ್ತು.

ಎಲ್ಲೆಯ ವಿಷಯವನ್ನು ಬಿಡಿಸಿ ಹೇಳಬೇಕು. ಮೈಸೂರಿನ ಕಾಲೇಜೊಂದರಲ್ಲಿ ನಾನು ಭೂವಿಜ್ಞಾನ ಕಲಿಸುತ್ತಿದ್ದಾಗ ವಿದ್ಯಾರ್ಥಿಗಳು, ಜುರಾಸಿಕ್‌ಗಿಂತ ಬಹಳ ಹಿಂದಿನ ಕೇಂಬ್ರಿಯನ್ ಕಾಲದ ಬಗ್ಗೆ, ‘ಕೇಂಬ್ರಿಯನ್ ಎಂದರೆ ಇಷ್ಟು ವರ್ಷದಿಂದ ಇಷ್ಟು ವರ್ಷದವರೆಗೆ’ ಎಂದು ಉರು ಹೊಡೆದು ಬರೆಯುತ್ತಿದ್ದರು. ಅದು ಹಿಂದುಮುಂದಾದ ಮಾತು. ಎಲ್ಲೆ ಇರುವುದು ಕಲ್ಲಿನಲ್ಲಿ; ವರ್ಷದ ಲೆಕ್ಕ ಆಮೇಲಿನದು. ಪಾಂಡವಪುರದ ಬಳಿ ನಮ್ಮ ಹೊಲದ ಮೂಲೆಯಲ್ಲಿ ಬಾಂದುಕಲ್ಲಿದೆ. ಅಳತೆಗೆ ಬಂದವರು ಒಮ್ಮೆ ಒಂದು ಗುಂಟೆ ಹೆಚ್ಚು, ಇನ್ನೊಮ್ಮೆ ಕಡಿಮೆ ಬರೆದರೂ ಕಲ್ಲು ಕದಲುವುದಿಲ್ಲ. (ಕದಲಿಸಿದರೆ ಏನಾಗುತ್ತದೆ ಎಂದು ಮಂಡ್ಯದ ಕಡೆಯವರಿಗೆ ಹೇಳಬೇಕಿಲ್ಲ.)

ಕೇಂಬ್ರಿಯನ್‌ನ ಬಾಂದುಕಲ್ಲು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯ ಬಂಡೆಗಳಲ್ಲಿದೆ, 1992ರಲ್ಲಿ ಒಪ್ಪಿತವಾದದ್ದು. ಕಡಲತಳದ ಕೆಸರನ್ನು ಯಾವುದೋ ಜೀವಿ ಕೊರೆದ ಬಿಲದ ಅಚ್ಚು ಅಲ್ಲಿ ಗುರುತು. ಅದರ ವಯಸ್ಸನ್ನು ಹಿಂದೆ 54.1 ಕೋಟಿ ಎನ್ನುತ್ತಿದ್ದರು, ಈಗ 53.88 ಕೋಟಿ ಎನ್ನುತ್ತಾರೆ. ಪದರ ಅದೇ. ಇಂಥ ಗುರುತಿಗೆ ‘ಚಿನ್ನದ ಮೊಳೆ’ ಎಂಬ ಅಡ್ಡಹೆಸರಿದೆ, ಚಿನ್ನವೇನೂ ಇರುವುದಿಲ್ಲ. ಮೊದಲನೆಯ ಮೊಳೆ 1972ರಲ್ಲಿ, ಈಗಿನ ಚೆಕ್ ದೇಶದ ಕ್ಲೋಂಕ್‌ನಲ್ಲಿ, ಡಿವೋನಿಯನ್ ಎಂಬ ಕಾಲದ ಆರಂಭಕ್ಕೆ. ನನಗೆ ತುಂಬ ಮೆಚ್ಚುಗೆಯಾದ ನಿಯಮ ಇನ್ನೊಂದಿದೆ: ಯಾವ ಕಾಲಕ್ಕೂ ಕೊನೆಯನ್ನು ಗುರುತಿಸುವುದಿಲ್ಲ, ಬುಡವನ್ನು ಮಾತ್ರ. ಮೇಲಿನದರ ಬುಡವೇ ಕೆಳಗಿನದರ ಕೊನೆ. ಹೀಗಾಗಿ ನಡುವೆ ಖರಾಬು ಜಾಗ ಉಳಿಯುವುದೂ ಇಲ್ಲ, ಒತ್ತುವರಿಯೂ ಆಗುವುದಿಲ್ಲ.

ಒತ್ತುವರಿ ಹಿಂದೆ ಆಗಿತ್ತು. ವೇಲ್ಸ್‌ನ ಕಲ್ಲುಗಳನ್ನು ಓದಿದ, ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಭೂವಿಜ್ಞಾನಿ ಸೆಜ್‌ವಿಕ್, ಆ ನಾಡಿನ ಲ್ಯಾಟಿನ್ ಹೆಸರಿನಿಂದ ಕೇಂಬ್ರಿಯನ್ ಎಂದರು. ಗೆಳೆಯ ಮರ್ಚಿಸನ್ ಅಲ್ಲಿನ ಪ್ರಾಚೀನ ಬುಡಕಟ್ಟೊಂದರ ಹೆಸರಿನಿಂದ ಸೈಲೂರಿಯನ್ ಎಂದರು. ನಡುವಿನ ಪದರಗಳು ತನ್ನವೆಂದು ಇಬ್ಬರೂ ಹಟ ಹಿಡಿದು ಸ್ನೇಹ ಮುರಿಯಿತು. ಇಬ್ಬರೂ ತೀರಿಕೊಂಡ ಮೇಲೆ, 1879ರಲ್ಲಿ, ಲ್ಯಾಪ್‌ವರ್ತ್ ಎಂಬವರು ಆ ತುಂಡಿಗೆ ಆರ್ಡೊವಿಷಿಯನ್ ಎಂದು ಬೇರೆ ಹೆಸರಿಟ್ಟರು. ಅದೂ ಒಂದು ಬುಡಕಟ್ಟಿನದೇ. ಜುರಾಸಿಕ್ ಜುರಾ ಪರ್ವತದಿಂದ, ಪರ್ಮಿಯನ್ ರಷ್ಯಾದ ಪೆರ್ಮ್‌ನಿಂದ ಬಂದವು. ನಾವು ‘ಬೇವಿನಮರದ ಹೊಲ’ ಎನ್ನುವಂತೆಯೇ. ಈಗ ಹೆಸರನ್ನೂ ಎಲ್ಲೆಯನ್ನೂ ಅಂತರರಾಷ್ಟ್ರೀಯ ಸಮಿತಿಗಳು ಮತ ಹಾಕಿ ತೀರ್ಮಾನಿಸುತ್ತವೆ. ‘ಆಂತ್ರೊಪೊಸೀನ್’ ಎಂಬ ಮಾನವಯುಗದ ಪ್ರಸ್ತಾವ 2024ರಲ್ಲಿ ಅಲ್ಲಿಯೇ ಬಿದ್ದುಹೋಯಿತು.

ಇನ್ನು ನಿಮ್ಮ ಬೆಟ್ಟ. ಅಷ್ಟು ಹಳೆಯ ಕಲ್ಲುಗಳಲ್ಲಿ ಗುರುತಾಗಿ ಬಳಸಬಲ್ಲ ಪಳೆಯುಳಿಕೆಗಳು ತೀರ ವಿರಳ. ಆದ್ದರಿಂದ ಅಲ್ಲಿ ಬಹುಪಾಲು ಎಲ್ಲೆಗಳಿಗೆ ಕಲ್ಲಿಲ್ಲ, ದುಂಡಗಿನ ಸಂಖ್ಯೆಯೇ ಗತಿ. 100 ಕೋಟಿಯಿಂದ 72 ಕೋಟಿ ವರ್ಷ ಹಿಂದಿನವರೆಗಿನ ಟೋನಿಯನ್ ಎಂಬ ಕಾಲಕ್ಕೆ ಚಾಮುಂಡಿ ಬೆಟ್ಟ ಸೇರುತ್ತದೆ. ಮಂಡ್ಯದ ಸುತ್ತಲಿನ ನೈಸ್ ಶಿಲೆ ಅದಕ್ಕಿಂತ ಬಹಳ ಹಿಂದಿನ ಆರ್ಕಿಯನ್‌ಗೆ. ಆರ್ಕಿಯನ್ ಮುಗಿಯುವ ಗೆರೆಯನ್ನು 250 ಕೋಟಿಗೆ ಎಳೆದಿದ್ದಾರೆ. ರಾಮನಗರದ ಗ್ರಾನೈಟ್ ಹೆಚ್ಚುಕಡಿಮೆ ಆ ಗೆರೆಯ ಅಂಚಿನಲ್ಲೇ ಹುಟ್ಟಿದ್ದು. ಮೇಜಿನ ಮೇಲೆ ಎಳೆದ ಈ ಗೆರೆಗಳು ನನಗೆ ಇಂದಿಗೂ ರುಚಿಸುವುದಿಲ್ಲ.

ನಮ್ಮ ದೇಶಕ್ಕೂ ಒಂದು ಬಾಂದುಕಲ್ಲು ಸಿಕ್ಕಿದೆ. ಸುಮಾರು 4,200 ವರ್ಷಗಳ ಹಿಂದೆ ಆರಂಭವಾಗಿ ಈಗಲೂ ನಡೆಯುತ್ತಿರುವ ಕಾಲಕ್ಕೆ 2018ರಲ್ಲಿ ಮೇಘಾಲಯನ್ ಎಂದು ಹೆಸರಾಯಿತು. ಅದರ ಗುರುತು ಮೇಘಾಲಯದ ಮಾಮ್ಲೂ ಗುಹೆಯಲ್ಲಿ ಹನಿಹನಿಯಾಗಿ ಬೆಳೆದ ಒಂದು ಸುಣ್ಣದ ಕಂಬ.