ವಿಎಸ್ ಕೋಡ್‌ನಲ್ಲಿ ಹೆಲ್ಪ್ ಬಾಕ್ಸ್ ಕೋಡನ್ನೇ ಮುಚ್ಚುತ್ತದೆ, ಆಫ್ ಮಾಡಿಬಿಡಲೇ?

ಕೋಡ್ ಬರೆಯೋ ಎಡಿಟರ್ ಆದ ವಿಎಸ್ ಕೋಡ್‌ನಲ್ಲಿ ಪೈಥಾನ್ ಬರೆಯುವಾಗ ಮೌಸ್ ಎಲ್ಲಿ ಹೋದರೂ ಹೆಲ್ಪ್ ಬಾಕ್ಸ್ ಎದ್ದು ಬಂದು ಕೋಡನ್ನು ಮುಚ್ಚುತ್ತದೆ, ಹೋವರ್ (ಮೌಸ್ ನಿಂತ ಕಡೆ ಬರೋ ಈ ಬಾಕ್ಸ್) ಪೂರ್ತಿ ಆಫ್ ಮಾಡಲೇ ಅಂತ ಕೇಳಿದ್ದೀರಿ. ದಯವಿಟ್ಟು ಆಫ್ ಮಾಡಬೇಡಿ. ತಾನಾಗಿ ಬರೋದನ್ನು ತಡೆದು, ನೀವು ಕರೆದಾಗ ಬರೋ ಹಾಗೆ ಮಾಡಿಕೊಳ್ಳಿ, ಸಾಕು.

ಕಂಟ್ರೋಲ್ ಜೊತೆ ಕಾಮಾ ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಮೇಲೆ ಹುಡುಕೋ ಜಾಗದಲ್ಲಿ ‘ಎಡಿಟರ್ ಹೋವರ್ ಡಿಲೇ’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ನೀವು ಮುಟ್ಟಿಲ್ಲ ಅಂದರೆ ಅಲ್ಲಿ 300 ಇರುತ್ತದೆ. ಅದು ಮಿಲಿಸೆಕೆಂಡ್. ಅಂದರೆ ಮೌಸ್ ಒಂದು ಹೆಸರಿನ ಮೇಲೆ ಅರ್ಧ ಸೆಕೆಂಡ್ ನಿಲ್ಲೋದರೊಳಗೆ ಬಾಕ್ಸ್ ಬಂದುಬಿಡುತ್ತದೆ. ಅದನ್ನು 2000 ಮಾಡಿ. ಎರಡು ಸೆಕೆಂಡ್ ಸುಮ್ನೆ ಯಾರೂ ಮೌಸ್ ನಿಲ್ಲಿಸಲ್ಲ, ಅಲ್ವಾ? ಅಲ್ಲೇ ‘ಹೋವರ್ ಅಬವ್’ ಅಂತ ಹುಡುಕಿದರೆ ಇನ್ನೊಂದು ಸಿಗುತ್ತದೆ. ಅದರ ಟಿಕ್ ತೆಗೆದರೆ ಬಾಕ್ಸ್ ಸಾಲಿನ ಮೇಲೆ ಬರೋ ಬದಲು ಕೆಳಗೆ ಬರುತ್ತದೆ. ಈಗಷ್ಟೇ ಬರೆದ ಸಾಲುಗಳು ಕಣ್ಣೆದುರೇ ಇರುತ್ತವೆ. ಚಿಕ್ಕ ಲ್ಯಾಪ್‌ಟಾಪ್ ಇದ್ದವರಿಗೆ ಇದು ತುಂಬಾ ಅನುಕೂಲ.

ಇನ್ನು ಕರೆಯೋದು ಹೇಗೆ? ಕರ್ಸರನ್ನು ಫಂಕ್ಷನ್ ಹೆಸರಿನ ಮೇಲೆ ಇಟ್ಟು ಕಂಟ್ರೋಲ್ ಕೆ, ಆಮೇಲೆ ಕಂಟ್ರೋಲ್ ಐ ಒತ್ತಿ. ಎಷ್ಟೇ ಡಿಲೇ ಇಟ್ಟಿದ್ದರೂ ಬಾಕ್ಸ್ ಆ ಕ್ಷಣಕ್ಕೇ ಬರುತ್ತದೆ. ಹೆಲ್ಪ್ ಉದ್ದ ಇದ್ದರೆ ಅದೇ ಕೀಗಳನ್ನು ಇನ್ನೊಮ್ಮೆ ಒತ್ತಿ. ಫೋಕಸ್ ಬಾಕ್ಸ್ ಒಳಗೆ ಹೋಗುತ್ತದೆ, ಬಾಣದ ಕೀಗಳಿಂದ ಕೆಳಗಿಳಿದು ಓದಬಹುದು. ಎಸ್ಕೇಪ್ ಒತ್ತಿದರೆ ಹೋಗುತ್ತದೆ. ಒಂದು ವಾರ ಮಾಡಿ ನೋಡಿ, ಬೆರಳಿಗೆ ತಾನೇ ರೂಢಿಯಾಗುತ್ತದೆ.

ಆಫ್ ಮಾಡಬೇಡಿ ಅಂತ ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ನಾನು ಬಳ್ಳಾರಿಯವನು. ನಮ್ಮೂರಲ್ಲಿ ಜೀನ್ಸ್ ಹೊಲಿಯೋ ಯೂನಿಟ್‌ಗಳು ಎಷ್ಟಿವೆ ಅಂತ ನಿಮಗೆ ಗೊತ್ತಿರಬಹುದು. ಅಂಥ ಒಂದು ಯೂನಿಟ್‌ಗೆ ಪೀಸ್ ಲೆಕ್ಕದ ಕೂಲಿ ತೆಗೆಯೋ ಚಿಕ್ಕ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಫಂಕ್ಷನ್‌ಗೆ ಎರಡೇ ಸಂಖ್ಯೆ ಬೇಕು: ಎಷ್ಟು ಪೀಸ್, ಒಂದು ಪೀಸ್‌ಗೆ ಎಷ್ಟು ರೂಪಾಯಿ. ಮುಂದೆ ಅದಕ್ಕೆ ಹೊಸ ಸ್ಕ್ರೀನ್ ಸೇರಿಸಿದ ಹುಡುಗ ಪೀಸ್ ಜಾಗಕ್ಕೆ ಡಜನ್ ಕಳಿಸಿಬಿಟ್ಟ. 240 ಪೀಸ್, ತಲಾ 5 ರೂಪಾಯಿ, 1200 ಬರಬೇಕಿದ್ದ ಚೀಟಿಯಲ್ಲಿ 100 ಬಂತು. “ಏನ್ ಸರ್, ಇಪ್ಪತ್ತು ಡಜನ್ ಹೊಲಿದಿದ್ದೀನಿ, ನೂರು ರೂಪಾಯಿನಾ?” ಅಂತ ಟೈಲರ್ ಅಣ್ಣ ಚೀಟಿ ಹಿಡಿದು ನಿಂತಿದ್ದು ಇವತ್ತಿಗೂ ಮರೆತಿಲ್ಲ. ಹುಡುಗನದು ತಪ್ಪಲ್ಲ. ಪೀಸೋ ಡಜನ್ನೋ ಅಂತ ನಾನು ಎಲ್ಲೂ ಬರೆದಿರಲಿಲ್ಲ.

ಅವತ್ತಿನಿಂದ ಪ್ರತಿ ಡೆಫ್ ಸಾಲಿನ (ಫಂಕ್ಷನ್ ಶುರುವಾಗೋ ಸಾಲು) ಕೆಳಗೆ ಮೂರು ಡಬಲ್ ಕೋಟ್ ಹಾಕಿ ಕನ್ನಡದಲ್ಲೇ ಬರೆಯುತ್ತೇನೆ: ‘ಎಣಿಕೆ ಪೀಸ್‌ನಲ್ಲಿ ಕೊಡಿ, ಡಜನ್ ಅಲ್ಲ. ಫಲಿತಾಂಶ ರೂಪಾಯಿಯಲ್ಲಿ.’ ಇದೇ ಡಾಕ್‌ಸ್ಟ್ರಿಂಗ್. ಪೈಥಾನ್ ಎಕ್ಸ್‌ಟೆನ್ಶನ್ ಇದ್ದರೆ ಆ ಫಂಕ್ಷನ್ ಬಳಸಿದ ಕಡೆಯೆಲ್ಲಾ ಹೋವರ್ ಬಾಕ್ಸ್‌ನಲ್ಲಿ ಈ ಕನ್ನಡ ಸಾಲು ಕಾಣಿಸುತ್ತದೆ. ಒತ್ತಕ್ಷರ ಕಣ್ಣಿಗೆ ಸಣ್ಣದಾಗಿ ಕಂಡರೆ ಎಡಿಟರ್‌ನ ಫಾಂಟ್ ಸೈಜ್ ಜಾಸ್ತಿ ಮಾಡಿ, ಬಾಕ್ಸ್‌ನ ಅಕ್ಷರವೂ ಅದರ ಜೊತೆ ದೊಡ್ಡದಾಗುತ್ತದೆ. ಹೋವರ್ ಆಫ್ ಮಾಡಿದವರಿಗೆ ಮೌಸ್ ಇಟ್ಟರೂ ಈ ಎಚ್ಚರಿಕೆ ಕಾಣಿಸೋದಿಲ್ಲ.

ಇನ್ನೆರಡು ಕಡೆ ಹೆಲ್ಪ್ ಬರುತ್ತದೆ. ಬ್ರಾಕೆಟ್ ತೆರೆದ ತಕ್ಷಣ ಫಂಕ್ಷನ್‌ಗೆ ಏನೇನು ಕೊಡಬೇಕು ಅಂತ ತೋರಿಸೋದು ಪ್ಯಾರಾಮೀಟರ್ ಹಿಂಟ್ಸ್. ಹೋದರೆ ಕಂಟ್ರೋಲ್ ಶಿಫ್ಟ್ ಸ್ಪೇಸ್ ಒತ್ತಿ ವಾಪಸ್ ಕರೆಯಬಹುದು. ಟೈಪ್ ಮಾಡುವಾಗ ಬರೋ ಸಜೆಶನ್ ಪಟ್ಟಿಯ ಪಕ್ಕದ ವಿವರಣೆ ಬೇಡ ಅನಿಸಿದರೆ, ಪಟ್ಟಿ ತೆರೆದಿರುವಾಗ ಕಂಟ್ರೋಲ್ ಸ್ಪೇಸ್. ಮುಂದಿನ ಸಲಕ್ಕೂ ಎಡಿಟರ್ ಅದನ್ನೇ ನೆನಪಿಟ್ಟುಕೊಳ್ಳುತ್ತದೆ.

ಉದ್ದದ ಹೆಲ್ಪ್ ಓದೋಕೆ ಆ ಚಿಕ್ಕ ಬಾಕ್ಸ್ ಯಾಕೆ? ಟರ್ಮಿನಲ್‌ನಲ್ಲಿ ಪೈಥಾನ್, ಒಂದು ಸ್ಪೇಸ್, ಹೈಫನ್ ಎಂ, ಸ್ಪೇಸ್, ಪೈಡಾಕ್, ಸ್ಪೇಸ್, ಹೈಫನ್ ಬಿ ಅಂತ ಇಂಗ್ಲಿಷ್‌ನಲ್ಲಿ ಕೊಡಿ. ಪೈಡಾಕ್ ಅಂದರೆ ಪೈಥಾನ್ ಜೊತೆಗೇ ಬರೋ ಹೆಲ್ಪ್ ಪ್ರೋಗ್ರಾಂ; ಪೈಥಾನ್ 3.2 ರಿಂದ ಈ ಸೌಲಭ್ಯ ಇದೆ. ಬ್ರೌಸರ್ ತೆರೆದು, ನಿಮ್ಮ ಕಂಪ್ಯೂಟರ್‌ನಲ್ಲಿರೋ ಮಾಡ್ಯೂಲ್‌ಗಳ ಹೆಲ್ಪ್ ಎಲ್ಲಾ ಒಂದೇ ಕಡೆ ಸಿಗುತ್ತದೆ. ಇಂಟರ್ನೆಟ್ ಬೇಕಿಲ್ಲ. ಕರೆಂಟ್ ಹೋಗಿ ವೈಫೈ ಆಫ್ ಆದಾಗ ನಾನು ಬ್ಯಾಟರಿ ಮೇಲೆ ಇದನ್ನೇ ಓದುತ್ತಾ ಕೂತಿರುತ್ತೇನೆ. ನಿಮ್ಮ ಫೈಲ್ ಇರೋ ಫೋಲ್ಡರ್‌ನಿಂದ ಶುರು ಮಾಡಿದರೆ ನೀವು ಬರೆದ ಡಾಕ್‌ಸ್ಟ್ರಿಂಗ್ ಕೂಡ ಅಲ್ಲೇ ಬರುತ್ತದೆ. ಒಂದೇ ಹುಷಾರು: ಹೆಲ್ಪ್ ತೋರಿಸೋಕೆ ಪೈಡಾಕ್ ಆ ಫೈಲನ್ನು ಇಂಪೋರ್ಟ್ ಮಾಡುತ್ತದೆ. ಫಂಕ್ಷನ್ ಹೊರಗೆ ಬಿಡಿಯಾಗಿ ಇರೋ ಕೋಡ್ ಆಗ ಓಡಿಬಿಡುತ್ತದೆ.

ನಿಮ್ಮದು ಮ್ಯಾಕ್ ಆದರೆ ಮೇಲೆ ಹೇಳಿದ ಕಡೆಯೆಲ್ಲಾ ಕಂಟ್ರೋಲ್ ಬದಲು ಕಮಾಂಡ್ ಒತ್ತಿ. ಸಜೆಶನ್ ವಿವರಣೆಗೆ ಮಾತ್ರ ಅಲ್ಲೂ ಕಂಟ್ರೋಲ್ ಸ್ಪೇಸೇ.