ಆನಿವರ್ಸರಿಗೆ ಟೋಕಿಯೋ ಹೋಗ್ತಿದೀವಿ, ಗಂಡ ಹೆಂಡತಿ ಇಡೀ ಟ್ರಿಪ್ ಹೈಟೆಕ್ ಕ್ಯಾಪ್ಸುಲ್ ಹೋಟೆಲ್‌ನಲ್ಲೇ ಇದ್ದು ದುಡ್ಡು ಉಳಿಸಬಹುದಾ?

ಅಯ್ಯೋ, ಥೇಟ್ ನಮ್ಮ ಕಥೆ. ನಮ್ದೂ ಆನಿವರ್ಸರಿ ಟ್ರಿಪ್ಪೇ, ಬುಕಿಂಗ್ ಎಲ್ಲಾ ನಂದು, ನಮ್ಮನೆಯವ್ರು ಬರೀ ಪಾಸ್‌ಪೋರ್ಟ್ ಹಿಡ್ಕೊಂಡು ಬಂದ್ರು. ವಿಡಿಯೋದಲ್ಲಿ ನೋಡಿದ್ನಲ್ಲ, ಒಬ್ರು ಮಲಗೋವಷ್ಟೇ ಜಾಗ ಇರೋ ಬೆಳ್ಳಗೆ ಹೊಳೆಯೋ ಗೂಡು, ತಲೆ ಹತ್ರ ಒಂದು ಪ್ಯಾನೆಲ್, ಅಲಾರಂ ಬದಲು ಲೈಟೇ ನಿಧಾನಕ್ಕೆ ಜಾಸ್ತಿಯಾಗಿ ಎಬ್ಬಿಸೋದು, ಅದಕ್ಕೇ ಮರುಳಾಗಿದ್ದು. ಮೇಲಿನದ್ರಲ್ಲಿ ನಾನು, ಕೆಳಗಿನದ್ರಲ್ಲಿ ಅವ್ರು, ಟ್ರೈನ್ ಬರ್ತ್ ಥರ ಅಂದ್ಕೊಂಡಿದ್ದೆ.

ಟೋಕಿಯೋದ ಅಸಾಕುಸಾ ಏರಿಯಾದಲ್ಲಿ ಹೋಟೆಲ್ ತಲುಪಿದಾಗ ರಾತ್ರಿ. ಮೆಷಿನ್‌ಗೆ ಪಾಸ್‌ಪೋರ್ಟ್ ತೋರಿಸಿದ್ವಿ, ಎರಡು ಕಾರ್ಡ್ ಬಂತು. ಅವ್ರಿಗೆ ಗಂಡಸರ ಫ್ಲೋರು, ನಂಗೆ ಹೆಂಗಸರ ಫ್ಲೋರು, ಲಿಫ್ಟೂ ಬೇರೆ ಬೇರೆ. ನಮ್ಮ ಹತ್ರ ಇದ್ದಿದ್ದು ಒಂದೇ ದೊಡ್ಡ ಸೂಟ್‌ಕೇಸು, ಅದು ಲಾಕರ್‌ಗೆ ಹಿಡಿಯಲ್ಲ, ಲಾಬಿಯಲ್ಲೇ ಬಿಡ್ಬೇಕಂತೆ. ಸರಿ, ಅಲ್ಲೇ ನೆಲದ ಮೇಲೆ ಬಿಚ್ಚಿದೆ. ಅವ್ರ ಬನಿಯನ್ನು, ನನ್ನ ಚೂಡಿದಾರು, ಮಧ್ಯೆ ಅತ್ತೆ ಕಟ್ಟಿಕೊಟ್ಟ ಚಟ್ನಿಪುಡಿ, ಇಬ್ರಿಗೂ ಸೇರಿ ಒಂದೇ ಅಡಾಪ್ಟರು. ಸೂಟು ಹಾಕ್ಕೊಂಡಿದ್ದ ಒಬ್ಬ ಜಪಾನೀ ಅಜ್ಜ ನಮ್ಮನ್ನ ನೋಡದ ಹಾಗೆ ನಟಿಸ್ತಾ ಸುತ್ತು ಹಾಕ್ಕೊಂಡು ಹೋದ್ರು. ಅಡಾಪ್ಟರ್ ಯಾರಿಗೆ ಅನ್ನೋದಕ್ಕೆ ಪಿಸುಮಾತಲ್ಲೇ ಜಗಳ.

ನಾನು ಎಡವಿದ್ದು ಎಲ್ಲಿ ಅಂದ್ರೆ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಆ್ಯಪ್‌ನಲ್ಲಿ ಇಬ್ರು ಅಂತ ಹಾಕಿದಾಗ ಅದು ಗಂಡಸರದ್ದೊಂದು ಹೆಂಗಸರದ್ದೊಂದು ಅಂತ ಸ್ಪಷ್ಟವಾಗೇ ತೋರಿಸಿತ್ತು, ನಾನು ಅದು ಬಾತ್‌ರೂಮ್ ವಿಷಯ ಇರ್ಬೇಕು ಅಂತ ಮುಂದೆ ಒತ್ತಿದೆ, ಅದಾದ್ರೂ ಹೋಗ್ಲಿ, ನಾನ್ ರಿಫಂಡಬಲ್ ತಗೊಂಡ್ರೆ ಸ್ವಲ್ಪ ಕಮ್ಮಿ ಅಂತ ಟೋಕಿಯೋದ ಅಷ್ಟೂ ರಾತ್ರಿನೂ ಒಂದೇ ಏಟಿಗೆ ಬುಕ್ ಮಾಡಿ ದುಡ್ಡು ಕಟ್ಟಿಬಿಟ್ಟೆ. ಮೊದಲು ಒಂದು ರಾತ್ರಿ ಮಾತ್ರ ತಗೊಂಡು, ಉಳಿದಿದ್ದನ್ನ ಕ್ಯಾನ್ಸಲ್ ಮಾಡೋ ಹಾಗೆ ಇಟ್ಕೊಂಡಿದ್ರೆ ಏನೂ ಆಗ್ತಿರ್ಲಿಲ್ಲ. ಕಮ್ಮಿಯಾದ ಆ ಚೂರು ದುಡ್ಡಿಗೆ ಪೂರ್ತಿ ದುಡ್ಡು ಹೋಯ್ತು. ಯಾಕಂದ್ರೆ ಮಾರನೇ ದಿನ ಇನ್ನೊಂದು ಗೊತ್ತಾಯ್ತು, ಎಷ್ಟೇ ರಾತ್ರಿ ಬುಕ್ ಮಾಡಿದ್ರೂ ದಿನಾ ಬೆಳಿಗ್ಗೆ 10ಕ್ಕೆ ಖಾಲಿ ಮಾಡ್ಬೇಕು, ಮಧ್ಯಾಹ್ನದ ಮೇಲೆ ಮತ್ತೆ ಚೆಕ್‌ಇನ್. ಬಹಳಷ್ಟು ಕ್ಯಾಪ್ಸುಲ್ ಹೋಟೆಲ್‌ಗಳಲ್ಲಿ ಹೀಗೇ. ನಡೆದು ನಡೆದು ಕಾಲು ಸೋತು ಬಂದ್ರೆ ಮಧ್ಯಾಹ್ನ ಅಡ್ಡಾಗೋಕೂ ಜಾಗ ಇಲ್ಲ. ಗಂಟು ಮೂಟೆ ಕಟ್ಕೊಂಡು ಬಿಸಿನೆಸ್ ಹೋಟೆಲ್‌ಗೆ, ಅಂದ್ರೆ ಪುಟ್ಟ ರೂಮುಗಳಿರೋ ಸಾದಾ ಹೋಟೆಲ್‌ಗೆ ಹೋದ್ವಿ.

ಆದ್ರಿಂದ ದುಡ್ಡು ಉಳಿಯುತ್ತೆ ಅನ್ನೋ ನಿಮ್ಮ ಲೆಕ್ಕನೇ ನಾನು ಒಪ್ಪಲ್ಲ. ಕ್ಯಾಪ್ಸುಲ್ ರೇಟು ತಲೆಗೆ. ಎರಡು ಕ್ಯಾಪ್ಸುಲ್ ಕೂಡಿಸಿ ನೋಡಿ, ಪುಟಾಣಿ ಡಬಲ್ ರೂಮಿನ ಹತ್ತಿರಕ್ಕೇ ಬರುತ್ತೆ, ಅಲ್ಲಿ ಬಾಗಿಲಿಗೆ ಚಿಲಕನಾದ್ರೂ ಇರುತ್ತೆ. ಇಲ್ಲಿ ಪರದೆ ಅಷ್ಟೇ. ಇದು ಜೋಡಿಗಳಿಗೆ ಅಂತ ಹುಟ್ಟಿದ್ದೇ ಅಲ್ಲ. 1979ರಲ್ಲಿ ಒಸಾಕಾದ ಉಮೇದಾದಲ್ಲಿ ಮೊದಲನೇದು ಶುರುವಾಯ್ತು, ಕಿಶೋ ಕುರೊಕಾವಾ ಅನ್ನೋ ಆರ್ಕಿಟೆಕ್ಟ್ ಡಿಸೈನು. ಕೆಲಸ, ಕುಡಿತ ಮುಗಿಸೋ ಹೊತ್ತಿಗೆ ಕೊನೇ ಟ್ರೈನ್ ತಪ್ಪಿಸಿಕೊಂಡ ಆಫೀಸ್ ಗಂಡಸರು ಬಂದು ಬೀಳೋ ಜಾಗ. ಇವತ್ತಿಗೂ ಗಂಡಸರಿಗೆ ಮಾತ್ರ ಅನ್ನೋ ಕ್ಯಾಪ್ಸುಲ್ ಹೋಟೆಲ್‌ಗಳಿವೆ.

ಹಾಗಂತ ನಿದ್ದೆ ಕೆಟ್ಟದಾಗಿತ್ತು ಅಂತಲ್ಲ, ನಂಗಂತೂ ಸೊಗಸಾಗಿ ಬಂತು. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಕೂತ್ರೆ ತಲೆ ತಾಗೋದೊಂದು ಬಾಕಿ. ಪೈಜಾಮ, ಟವೆಲ್ಲು, ಬ್ರಶ್ಶು ಎಲ್ಲಾ ಅವ್ರೇ ಕೊಡ್ತಾರೆ. ಆದ್ರೆ ನಮ್ಮನೆಯವ್ರ ಫ್ಲೋರ್‌ನಲ್ಲಿ ರಾತ್ರಿಯೆಲ್ಲಾ ಗೊರಕೆ ಕಚೇರಿಯಂತೆ, ಇವ್ರದ್ದೂ ಸೇರ್ಕೊಂಡಿರುತ್ತೆ ಬಿಡಿ! ನೈನ್ ಅವರ್ಸ್ ಅನ್ನೋ ಚೈನ್‌ನ ಕೆಲವು ಬ್ರಾಂಚ್‌ಗಳಲ್ಲಿ ನೀವು ಮಲಗಿರುವಾಗ ಗೊರಕೆ, ಹೃದಯ ಬಡಿತ ಅಳೆದು ರಿಪೋರ್ಟೇ ಕೊಡ್ತಾರೆ, ಅದನ್ನ ಇವ್ರಿಗೆ ಮಾಡಿಸ್ಬೇಕಿತ್ತು.

ನಿಮಗೆ ಹುಚ್ಚು ಇದ್ರೆ ಒಂದೇ ರಾತ್ರಿ ಇರಿ, ಅದೂ ಊರು ಬದಲಾಯಿಸೋ ದಿನ. ಸೂಟ್‌ಕೇಸನ್ನ ತಕ್ಯೂಬಿನ್ ಕೊರಿಯರ್‌ನಲ್ಲಿ ಮುಂದಿನ ಹೋಟೆಲ್‌ಗೆ ಕಳಿಸಿ, ಆಳಿಗೊಂದು ಚಿಕ್ಕ ಬ್ಯಾಗು, ಆಳಿಗೊಂದು ಅಡಾಪ್ಟರು. ಈಗಾಗ್ಲೇ ಬುಕ್ ಮಾಡಿಬಿಟ್ಟಿದ್ರೆ ಫ್ರೀ ಕ್ಯಾನ್ಸಲೇಶನ್ ಎಲ್ಲಿವರೆಗೆ ಅಂತ ಇವತ್ತೇ ನೋಡಿ, ಅವ್ರು ಹಾಕಿರೋದು ಜಪಾನ್ ಟೈಮ್ ಆಗಿದ್ರೆ ಅದು ನಮಗಿಂತ ಮೂರೂವರೆ ಗಂಟೆ ಮುಂದೆ.