ಕೂಡಿ ಕಟ್ಟಿದ ಕಥಾಲೋಕಕ್ಕೆ ಏನು ಹೆಸರಿಡೋಣ?

ಪ್ರಶ್ನೆ: ನಾವು ಐದು ಮಂದಿ ಗೆಳೆಯರು ಒಂದೇ ಫ್ಯಾಂಟಸಿ ಲೋಕದಾಗ ಬ್ಯಾರೆ ಬ್ಯಾರೆ ಕಥಿ ಬರೀಲಿಕ್ಕೆ ಹತ್ತೀವಿ. ಒಬ್ಬರದು ಗುಡ್ಡದ ಕಥಿ, ಇನ್ನೊಬ್ಬರದು ಸಮುದ್ರದ್ದು, ಕಾಲಾನೂ ಬ್ಯಾರೆ. ಇಡೀ ಲೋಕಕ್ಕ ‘ವಾತಾಪಿ ಲೋಕ’ ಅಂತ ಹೆಸರಿಡೋಣ ಅಂತ ಮೂವರು, ಬ್ಯಾಡ ಅಂತ ಇಬ್ಬರು. ಹೆಂಗ ತೀರ್ಮಾನ ಮಾಡೋದು?
– ಓದುಗರು, ಬಾಗಲಕೋಟೆ

ಉತ್ತರ: ಬೇಡ ಅಂದ ಇಬ್ಬರ ಕಡೆ ನಮ್ಮ ಮತ. ವಾತಾಪಿ ಅಂದ ಕೂಡಲೇ ಓದುಗರಿಗೆ ಅಗಸ್ತ್ಯರ ಹೊಟ್ಟೆಯಲ್ಲಿ ಜೀರ್ಣವಾದ ರಾಕ್ಷಸ ನೆನಪಾಗುತ್ತಾನೆ, ಅವನ ಹಿಂದೆಯೇ ಬಾದಾಮಿಯ ಚಾಲುಕ್ಯರು ಬರುತ್ತಾರೆ. ಒಬ್ಬರೇ ಬರೆಯುವ ಕಾದಂಬರಿಗೆ ಇದು ಬಲವಾದೀತು. ಐವರು ಬರೆಯುವಾಗ ಸಮುದ್ರದ ಕಥೆ ಬರೆಯುವವರೂ ತಮ್ಮ ಲೋಕಕ್ಕೂ ಆ ರಾಕ್ಷಸನಿಗೂ ಏನು ನಂಟು ಎಂದು ವಿವರಿಸುತ್ತ ಕೂಡಬೇಕಾಗುತ್ತದೆ. ಅಂತರ್ಜಾಲದಲ್ಲಿ ಹುಡುಕಿದರೂ ಮೊದಲು ಸಿಗುವುದು ಬಾದಾಮಿಯ ಗುಹೆಗಳೇ ಹೊರತು ನಿಮ್ಮ ಕಥೆಗಳಲ್ಲ.

ಅದೇ ಕಾರಣಕ್ಕೆ ನಾಯಕನ ಹೆಸರು, ಒಂದು ರಾಜಮನೆತನದ ಹೆಸರು, ಒಂದು ಕತ್ತಿಯ ಹೆಸರು ಇಡಬೇಡಿ. ಮೂರನೆಯ ಕಥೆಯಲ್ಲಿ ನಾಯಕ ಸತ್ತರೆ ಅಥವಾ ಕತ್ತಿ ಮುರಿದರೆ ಉಳಿದವರ ಪುಸ್ತಕಗಳ ಮುಖಪುಟದ ಮೇಲೆ ಅರ್ಥ ಕಳೆದುಕೊಂಡ ಪದವೊಂದು ಉಳಿಯುತ್ತದೆ. ಎಲ್ಲ ಕಥೆಗಳಿಗೂ ತಾಕುವ ಸಂಗತಿಯನ್ನು ಹುಡುಕಿ: ಆ ಲೋಕದ ಆಕಾಶ, ಅಲ್ಲಿನ ಕಾಲಗಣನೆ, ಎಲ್ಲ ಸೀಮೆಗಳನ್ನು ಮುಟ್ಟುವ ನದಿ, ಎಲ್ಲರೂ ಹೆದರುವ ಒಂದು ನಿಯಮ.

ಇನ್ನು ಕನ್ನಡದಲ್ಲಿ ಬರೆಯುವವರು ಮರೆತೇಬಿಡುವ ಪರೀಕ್ಷೆಯೊಂದಿದೆ. ಹೆಸರು ಮುಖಪುಟದಲ್ಲಿ ಒಂಟಿಯಾಗಿ ನಿಲ್ಲುತ್ತದೆ, ಆದರೆ ಕಥೆಯೊಳಗೆ ಹೆಜ್ಜೆಹೆಜ್ಜೆಗೂ ವಿಭಕ್ತಿ ಪ್ರತ್ಯಯ ಹೊತ್ತುಕೊಂಡೇ ಓಡಾಡುತ್ತದೆ. ‘ಝರ್ವಾನ್’ ಅಂತ ಇಟ್ಟಿರೆನ್ನಿ. ಒಬ್ಬರು ‘ಝರ್ವಾನ್‌ನಲ್ಲಿ’, ಇನ್ನೊಬ್ಬರು ‘ಝರ್ವಾನಿನಲ್ಲಿ’, ಮತ್ತೊಬ್ಬರು ‘ಝರ್ವಾನದಲ್ಲಿ’ ಎಂದು ಬರೆಯುತ್ತಾರೆ. ‘ಮೊರು’ ಅಂತಿಟ್ಟರೆ ‘ಊರಿನಲ್ಲಿ’ಯಂತೆ ‘ಮೊರಿನಲ್ಲಿ’ಯೋ, ‘ಗುರುವಿನಲ್ಲಿ’ಯಂತೆ ‘ಮೊರುವಿನಲ್ಲಿ’ಯೋ? ‘ಶರಭ’ ಅಂತಿಟ್ಟರೆ ಲೋಕ ಎಂದುಕೊಂಡವರು ‘ಶರಭದ’ ಎನ್ನುತ್ತಾರೆ, ದೇವರು ಎಂದುಕೊಂಡವರು ‘ಶರಭನ’ ಎನ್ನುತ್ತಾರೆ. ಐದು ಪುಸ್ತಕ ಮುಗಿಯುವ ಹೊತ್ತಿಗೆ ಒಂದೇ ಲೋಕಕ್ಕೆ ಐದು ವ್ಯಾಕರಣ! ಎಕಾರ, ಇಕಾರದಲ್ಲಿ ಮುಗಿಯುವ ಹೆಸರುಗಳು ಎಲ್ಲಕ್ಕಿಂತ ಸುರಕ್ಷಿತ. ‘ಯಲ್ಲಿ’, ‘ಯಿಂದ’, ‘ಗೆ’, ‘ಯವರು’ ಜಗಳವಿಲ್ಲದೆ ಸೇರುತ್ತವೆ. ನಾಡು, ಸೀಮೆ, ಮಂಡಲದಂಥ ಪರಿಚಿತ ಪದದಲ್ಲಿ ಮುಗಿದರೂ ತೊಂದರೆಯಿಲ್ಲ.

ಪ್ರತಿಯೊಬ್ಬರೂ ಐದು ಹೆಸರು ತನ್ನಿ. ಒಂದೊಂದನ್ನೂ ಆರು ವಾಕ್ಯದಲ್ಲಿ ಬಳಸಿ: ಅಲ್ಲಿಗೆ ಹೋದ, ಅಲ್ಲಿಂದ ಬಂದ, ಅಲ್ಲಿ ಹುಟ್ಟಿದ, ಅದನ್ನು ಗೆದ್ದ, ಅಲ್ಲಿನವರು, ಅಲ್ಲಿನ ಭಾಷೆ. ಎಡವಿದವನ್ನು ಅಲ್ಲೇ ಹೊಡೆದುಹಾಕಿ. ಉಳಿದವನ್ನು ಕಥೆ ಗೊತ್ತಿಲ್ಲದ ಐವರಿಗೆ ಫೋನಿನಲ್ಲಿ ಹೇಳಿ, ಕೇಳಿದಂತೆ ಬರೆದು ಕಳಿಸಲು ಕೇಳಿ. ನಾಲ್ವರಾದರೂ ಒಂದೇ ರೀತಿ ಬರೆಯದಿದ್ದರೆ ಆ ಹೆಸರು ಬಾಯಿಂದ ಬಾಯಿಗೆ ಹೋಗುವುದಿಲ್ಲ. ಶ, ಷ, ಸ ಮತ್ತು ಅಲ್ಪಪ್ರಾಣ, ಮಹಾಪ್ರಾಣ ಕೆಡುವುದು ಇಲ್ಲೇ. ಮತಕ್ಕೆ ಹಾಕುವುದು ಇಷ್ಟಾದ ಮೇಲೆ. ಮೊದಲೇ ಮತ ಹಾಕಿದರೆ ಗೆಲ್ಲುವುದು ಹೆಸರಲ್ಲ, ಜೋರು ದನಿ.

ಪ್ರಶ್ನೆ: ಹಳಗನ್ನಡದ ಊರ ಹೆಸರುಗಳ ಜಾಡಿನಲ್ಲಿ ಹೊಸ ಹೆಸರು ಕಟ್ಟಬೇಕೆಂದಿದ್ದೇವೆ. ಮುಂದೆ ಮರಾಠಿಗೂ ಅನುವಾದ ಮಾಡಿಸುವ ಆಸೆ. ಎಚ್ಚರ ವಹಿಸಬೇಕಾದುದು ಏನು?
– ಓದುಗರು, ಬೆಳಗಾವಿ

ಉತ್ತರ: ಒಳ್ಳೆಯ ಜಾಡು. ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ 9ನೇ ಶತಮಾನದ ಕವಿರಾಜಮಾರ್ಗ ಹೇಳುವ ನಾಲ್ಕು ಊರುಗಳು ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ. ಕಿಸುವೊಳಲ್ ಈಗಿನ ಪಟ್ಟದಕಲ್ಲು, ಒಂಕುಂದ ನಿಮ್ಮದೇ ಜಿಲ್ಲೆಯದು. ಆ ಹೆಸರುಗಳನ್ನೇ ಎತ್ತಿಕೊಳ್ಳಬೇಡಿ, ಅವುಗಳನ್ನು ಕಟ್ಟಿದ ಬಗೆ ನೋಡಿ. ಕಿಸು ಅಂದರೆ ಕೆಂಪು, ಪೊಳಲ್ ಅಂದರೆ ಪಟ್ಟಣ. ಕೂಡಿದಾಗ ಪಕಾರ ವಕಾರವಾಗಿದೆ. ಪುಲಿಗೆರೆಯಲ್ಲಿ ಕೆರೆ ಗೆರೆಯಾಗಿದೆ. ಆದೇಶ ಸಂಧಿಯ ಈ ಬದಲಾವಣೆಯೇ ಹೆಸರಿಗೆ, ಬಳಸಿ ಬಳಸಿ ನುಣುಪಾದಂಥ ಹಳೆತನ ಕೊಡುತ್ತದೆ. ‘ಏಳು ಕೆರೆ’ ಎಂದು ಬಿಡಿಬಿಡಿಯಾಗಿ ಬರೆದರೆ ಅದು ವಿಳಾಸ, ‘ಏಳುಗೆರೆ’ ಎಂದರೆ ಊರು. ಆದರೆ ಇಲ್ಲೊಂದು ತೊಡಕು: ಓದುಗರು ಇದನ್ನು ಏಳು ಗೀಟುಗಳು ಎಂದೂ ಓದಬಹುದು. ಗುಂಪಿನಲ್ಲಿ ಒಬ್ಬರು ಕೆರೆ, ಇನ್ನೊಬ್ಬರು ಗೀಟು ಎಂದುಕೊಂಡು ಬರೆದರೆ ಎರಡನೆಯ ಪುಸ್ತಕದಲ್ಲೇ ಲೋಕ ಸೀಳುತ್ತದೆ. ಆದ್ದರಿಂದ ಹೆಸರಿನ ಅರ್ಥವನ್ನು ಒಂದು ಸಾಲಿನಲ್ಲಿ ಬರೆದು ಎಲ್ಲರ ಬಳಿ ಇಟ್ಟುಕೊಳ್ಳಿ. ಹಳತನ್ನು ತೋರಿಸಲು ಱ, ೞ ಅಕ್ಷರಗಳನ್ನು ಮಾತ್ರ ತರಬೇಡಿ. ಇಂದಿನ ಬಹುಪಾಲು ಓದುಗರಿಗೆ ಅವುಗಳ ಗುರುತಿಲ್ಲ, ಓದಲಾಗದ ಹೆಸರನ್ನು ಅಂಗಡಿಯಲ್ಲಿ ಕೇಳುವುದು ಹೇಗೆ?

ಮರಾಠಿಯ ವಿಷಯ. ಳಕಾರ ಅಲ್ಲೂ ಇದೆ, ಹೆದರಬೇಡಿ. ಕಷ್ಟ ಇರುವುದು ಹ್ರಸ್ವ ಎ, ಒ ಸ್ವರಗಳಲ್ಲಿ. ಮರಾಠಿಯ ಸಾಮಾನ್ಯ ಬರವಣಿಗೆಯಲ್ಲಿ ಇವೆರಡರ ಹ್ರಸ್ವ, ದೀರ್ಘಗಳಿಗೆ ಬೇರೆ ಬೇರೆ ಗುರುತಿಲ್ಲ. ‘ಹೊಳೆ’ ಅಲ್ಲಿ ‘ಹೋಳೇ’ ಎಂದೇ ಓದಿಸಿಕೊಳ್ಳುತ್ತದೆ. ಅ, ಆ, ಇ, ಉ ಸ್ವರಗಳಲ್ಲೇ ಹೆಸರು ಕಟ್ಟಿದರೆ ಎರಡೂ ಕಡೆ ಹತ್ತಿರ ಹತ್ತಿರ ಒಂದೇ ಸದ್ದು ಬರುತ್ತದೆ. ಎಕಾರದ ಕೊನೆ ಸುರಕ್ಷಿತ ಎಂದು ಮೇಲೆ ಹೇಳಿದ್ದೇವೆ. ನಿಮ್ಮಂಥವರಿಗೆ ಅದಕ್ಕಿಂತ ಇಕಾರದ ಕೊನೆ ಮೇಲು. ರೋಮನ್ ಅಕ್ಷರದ ಕಾಗುಣಿತವನ್ನೂ ಈಗಲೇ ಒಂದಕ್ಕೆ ಕಟ್ಟಿಹಾಕಿ. ದೀರ್ಘ ಆಕಾರವನ್ನು ಒಬ್ಬರು ಒಂದು ಅಕ್ಷರದಲ್ಲಿ, ಇನ್ನೊಬ್ಬರು ಎರಡರಲ್ಲಿ ಬರೆದರೆ ಇ-ಪುಸ್ತಕದ ಅಂಗಡಿಯಲ್ಲಿ ಒಂದೇ ಮಾಲೆ ಎರಡಾಗಿ ಕಾಣುತ್ತದೆ.

ಪ್ರಶ್ನೆ: ನಮ್ಮ ಗುಂಪಿನ ಒಬ್ಬರು ನಾಳೆ ಬಿಟ್ಟು ಹೋಗಿ ಅದೇ ಹೆಸರಿನಲ್ಲಿ ಬರೆದರೆ ತಡೆಯಬಹುದೇ? ಹೆಸರಿಗೆ ಕಾಪಿರೈಟ್ ಸಿಗುತ್ತದೆಯೇ? ‘ನವರಸಪುರ’ ಎಂಬ ಹೆಸರು ಯೋಚಿಸಿದ್ದೇವೆ.
– ಓದುಗರು, ವಿಜಯಪುರ

ಉತ್ತರ: ಬರೀ ಹೆಸರಿಗೆ ಕಾಪಿರೈಟ್ ಇಲ್ಲ. ಸಿನಿಮಾ ಶೀರ್ಷಿಕೆಯೊಂದರ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಕಥೆ, ನಕ್ಷೆ, ಚಿತ್ರಗಳಿಗೆ ಇದೆ, ಅದು ಅವರವರದು. ಹೆಸರನ್ನು ಕಾಯುವುದು ಟ್ರೇಡ್‌ಮಾರ್ಕ್. ಇದರ ನೋಂದಣಿ ಸರಕು, ಸೇವೆಗಳ ವರ್ಗದ ಪ್ರಕಾರ: ಅಚ್ಚಾದ ಪುಸ್ತಕಕ್ಕೆ 16ನೇ ವರ್ಗ, ಡೌನ್‌ಲೋಡ್ ಆಗುವ ಇ-ಪುಸ್ತಕ, ಆಡಿಯೊಗಳಿಗೆ 9, ಪ್ರಕಾಶನ ಮತ್ತು ಮನರಂಜನೆಗೆ 41. ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ ವರ್ಗವೊಂದಕ್ಕೆ 4,500 ರೂಪಾಯಿ ಸರ್ಕಾರಿ ಶುಲ್ಕ, ವಕೀಲರದ್ದು ಬೇರೆ. ಕರ್ನಾಟಕದ ಅರ್ಜಿಗಳನ್ನು ನೋಡುವುದು ಚೆನ್ನೈ ಕಚೇರಿ. ಅರ್ಜಿ ಇಲಾಖೆಯ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ 4 ತಿಂಗಳು ಆಕ್ಷೇಪಣೆಗೆ ಅವಕಾಶ ಇರುತ್ತದೆ. ನೋಂದಣಿ 10 ವರ್ಷಕ್ಕೆ, ಮತ್ತೆ ನವೀಕರಿಸಬಹುದು. ಅರ್ಜಿಗೆ ಮೊದಲು ಇಲಾಖೆಯ ಸಾರ್ವಜನಿಕ ಹುಡುಕಾಟದಲ್ಲಿ ಪದವನ್ನೂ, ಅದೇ ಸದ್ದಿನ ಪದಗಳನ್ನೂ ನೋಡಿ. ಊರಿನ ಹೆಸರನ್ನು ಇದ್ದಂತೆಯೇ ಇಟ್ಟರೆ ನೋಂದಣಿ ಕಷ್ಟ.

ಆದರೂ ಮೊದಲು ಬೇಕಾದುದು ನಿಮ್ಮೊಳಗಿನ ಒಪ್ಪಂದ: ಹೆಸರು ಯಾರದು, ಬಿಟ್ಟು ಹೋಗುವವರು ತಮ್ಮ ಪಾತ್ರಗಳನ್ನು ಒಯ್ಯಬಹುದೇ, ಉಳಿದವರು ಆ ಪಾತ್ರಗಳನ್ನು ಮುಂದುವರಿಸಬಹುದೇ. ಕಾಪಿರೈಟ್ ಹಸ್ತಾಂತರ ಲಿಖಿತವಾಗಿ, ಸಹಿಯೊಂದಿಗೆ ಇರಲೇಬೇಕು. ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು 5 ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ತಿಳಿಯುತ್ತದೆ. ಗೆಳೆತನ ಚೆನ್ನಾಗಿರುವಾಗಲೇ ಬರೆದುಕೊಳ್ಳಿ.

ನವರಸಪುರದ ಬಗ್ಗೆ: ಎರಡನೇ ಇಬ್ರಾಹಿಂ ಆದಿಲ್‌ಶಾಹ ‘ನವರಸ’ ಎಂಬ ಒಂದೇ ಪದವನ್ನು ತನ್ನ ಗೀತೆಗಳ ಪುಸ್ತಕಕ್ಕೆ, ಅರಮನೆಗೆ, 1599ರಲ್ಲಿ ತೊರವಿಯ ಬಳಿ ಕಟ್ಟಲು ಆರಂಭಿಸಿದ ನಗರಕ್ಕೆ ಇಟ್ಟ. ಒಂದು ಮೂಲಪದ ಎಷ್ಟೊಂದು ಸಂಗತಿಗಳನ್ನು ಒಂದೇ ಲೋಕವಾಗಿ ಕಾಣಿಸಬಲ್ಲದು ಎಂಬುದಕ್ಕೆ ನಿಮ್ಮೂರಿಗಿಂತ ಬೇರೆ ಪಾಠ ಬೇಡ. ಆ ವಿಧಾನ ಕಲಿಯಿರಿ, ಹೆಸರು ಬಿಡಿ. ಅದು ಈಗಾಗಲೇ ಇತಿಹಾಸದ್ದು, ಅದೇ ಹೆಸರಿನ ಉತ್ಸವದ್ದು.

ಪ್ರಶ್ನೆ: ಹೆಸರಿನ ಮುಂದೆ ‘ಯೂನಿವರ್ಸ್’ ಅಂತ ಹಾಕಬೇಕೇ?
– ಓದುಗರು, ಇಳಕಲ್ಲು

ಉತ್ತರ: ಹಾಕಬೇಡಿ. ಆ ಲೋಕದೊಳಗಿನ ಯಾವ ಪಾತ್ರವೂ ಅದನ್ನು ಹಾಗೆ ಕರೆಯುವುದಿಲ್ಲ. ಮುಖಪುಟದಲ್ಲಿ ಪುಸ್ತಕದ ಶೀರ್ಷಿಕೆ ದೊಡ್ಡದಾಗಿರಲಿ, ಅದರ ಕೆಳಗೆ ಚಿಕ್ಕದಾಗಿ ‘ಏಳುಗೆರೆ ಕಥಾಮಾಲೆ 3’ ಎಂಬಂತೆ ಬಂದರೆ ಸಾಕು.

ಪ್ರಶ್ನೆ: ಎರಡು ಪುಸ್ತಕ ಬಂದಾಗಿದೆ. ಈಗ ಹೆಸರು ಬದಲಿಸಬಹುದೇ?
– ಓದುಗರು, ಗೋಕಾಕ

ಉತ್ತರ: ಬದಲಿಸಬಹುದು, ಆದರೆ ಎಲ್ಲರೂ ಒಂದೇ ಸಲ ಬದಲಿಸಬೇಕು. ಮುಂದಿನ ಮುದ್ರಣದ ಒಳಪುಟದಲ್ಲಿ ಹಳೆಯ ಹೆಸರನ್ನೂ ಒಂದು ಸಾಲಿನಲ್ಲಿ ಉಳಿಸಿ. ಹಸ್ತಪ್ರತಿಯಲ್ಲಿ ಹುಡುಕಿ ಬದಲಿಸುವಾಗ ಕಂಪ್ಯೂಟರನ್ನು ಪೂರ್ತಿ ನಂಬಬೇಡಿ. ‘ಝರ್ವಾನ್‌ನಲ್ಲಿ’ ಎಂಬಲ್ಲಿ ನಕಾರದ ಒತ್ತು ಬೀಳದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವೊಂದು ನಡುವೆ ಇರುತ್ತದೆ. ಹೊಸ ಹೆಸರು ಸ್ವರದಲ್ಲಿ ಮುಗಿದರೆ ಅದು ಅಲ್ಲೇ ಉಳಿದು, ಮುಂದೆ ಹುಡುಕುವಾಗ ಪದ ಸಿಗದಂತೆ ಮಾಡುತ್ತದೆ. ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಅಕ್ಷರಶೈಲಿಯ ಕಡತವಿದ್ದರೆ ಮೊದಲು ಯೂನಿಕೋಡ್‌ಗೆ ತಂದು, ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಕಣ್ಣಾಡಿಸಿ, ಆಮೇಲೆ ಹೆಸರಿಗೆ ಕೈಹಾಕಿ.